ಎರಡು ಲೈನು ಸೇರಿ ಒಂದಕ್ಕಿಂತ ನಿಧಾನವಾದದ್ದೇಕೆ?

“ಪ್ರಿನ್ಸಿಪಾಲ್ರು ಫೋನಲ್ಲಿ ಮಾತಾಡ್ತಾ ಇದ್ರೆ ನಮ್ಮ ಫೈಲು ಬೇಗ ಹೋಗುತ್ತೆ ಸಾರ್.”

2005ರ ಅಕ್ಟೋಬರ್‌ನಲ್ಲಿ ಕುಣಿಗಲ್‌ನ ಒಂದು ಕಾಲೇಜಿನ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯೊಬ್ಬರು ನನಗೆ ಹೇಳಿದ ಮಾತು ಇದು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಭೌತಶಾಸ್ತ್ರ ಪಾಠ ಹೇಳುವವನು ಹಾಗೆ ನಗಬಾರದಿತ್ತು. ಆಕೆ ಹೇಳಿದ್ದು ಒಂದು ವೀಕ್ಷಣೆ. ಅದೂ ಗೋಡೆ ಗಡಿಯಾರ ನೋಡಿ, ಹಲವು ದಿನ ಬರೆದಿಟ್ಟುಕೊಂಡು ಮಾಡಿದ ವೀಕ್ಷಣೆ.

ಹಿನ್ನೆಲೆ ಇಷ್ಟು. ತುಮಕೂರಿನಲ್ಲಿ ಮುಖ್ಯ ಕಚೇರಿಯಿದ್ದ ಒಂದು ವಿದ್ಯಾಸಂಸ್ಥೆಗೆ ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಕಾಲೇಜುಗಳಿದ್ದವು. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೋಮೀಟರ್, ಕುಣಿಗಲ್ ಸುಮಾರು 35. ಎರಡೂ ಕಡೆಯ ಗಣಕಗಳಿಗೆ ತುಮಕೂರಿನ ಸಂಪರ್ಕ ಬೇಕಿತ್ತು. ಮೀಸಲು ಲೈನಿನ ಬಾಡಿಗೆ ಕೊಡುವ ಶಕ್ತಿ ಸಂಸ್ಥೆಗಿರಲಿಲ್ಲ. ಆದ್ದರಿಂದ ಸಾಮಾನ್ಯ ದೂರವಾಣಿ ಲೈನಿಗೆ ಮೋಡೆಮ್ ಜೋಡಿಸಿ, ಅದರ ಹಿಂದೆ ಒಂದು ರೂಟರ್ ಇಟ್ಟು, ಬೇಕಾದಾಗ ತುಮಕೂರಿಗೆ ಡಯಲ್ ಮಾಡುವ ಏರ್ಪಾಟು. ಒಂದು ಲೈನು ಸಾಲದೆಂದು ದೂರು ಬಂದಾಗ ‘ಇನ್ನೊಂದು ಲೈನು ಕೊಡಿ, ಎರಡನ್ನೂ ಸೇರಿಸಿ ಒಂದೇ ಕಟ್ಟು ಮಾಡೋಣ’ ಎಂದು ಸಲಹೆ ಕೊಟ್ಟವನು ನಾನೇ.

ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಮಳೆ ಹಿಡಿದ ಮೇಲೆ ಕುಣಿಗಲ್‌ನಿಂದ ಆಂತರಿಕ ಅಂಕಪಟ್ಟಿಗಳು ಹೊತ್ತಿಗೆ ಸರಿಯಾಗಿ ಬರುವುದು ನಿಂತಿತು. ಎರಡೆರಡು ಲೈನು ಕೊಟ್ಟ ಮೇಲೂ ತಡವೆಂದರೆ ಅದು ಕಳಿಸುವವರ ಅಲಕ್ಷ್ಯವೇ ಸರಿ ಎಂದು ಮುಖ್ಯ ಕಚೇರಿ ತೀರ್ಮಾನಿಸಿತು. ಆ ಸಹಾಯಕಿಗೆ ಕಾರಣ ಕೇಳುವ ನೋಟಿಸು ಟೈಪಾಗಿತ್ತು. ಅದಕ್ಕೆ ಸಹಿ ಬೀಳುವ ಮೊದಲು ಒಮ್ಮೆ ನೋಡಿ ಬರುತ್ತೇನೆಂದು ಹೇಳಿ ನಾನು ಕುಣಿಗಲ್ ಬಸ್ಸು ಹತ್ತಿದೆ.

ಇಂದು ಆ ಮೋಡೆಮ್‌ಗಳು ಅಟ್ಟ ಸೇರಿವೆ. ಆದರೂ ಅಂದಿನ ದೋಷವನ್ನು ಈಗ ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಅದರಲ್ಲಿರುವ ಲೆಕ್ಕ ಪಿ.ಯು. ವಿದ್ಯಾರ್ಥಿಗೂ ಎಟಕುವಂಥದ್ದು, ಫಲಿತಾಂಶ ಮಾತ್ರ ಎಂಥವರನ್ನೂ ಒಂದು ಗಳಿಗೆ ತಬ್ಬಿಬ್ಬು ಮಾಡುವಂಥದ್ದು.

ಕಟ್ಟು ಎಂದರೇನು?

ಎರಡು ರೂಟರ್‌ಗಳು ಒಂದು ದೂರವಾಣಿ ಕರೆಯ ಮೂಲಕ ಮಾತನಾಡಲು ಬಳಸುತ್ತಿದ್ದ ನಿಯಮಾವಳಿಯ ಹೆಸರು ಪಿಪಿಪಿ. ಅದರ ಪ್ರಮಾಣಿತ ರೂಪ ಪ್ರಕಟವಾದದ್ದು 1994ರಲ್ಲಿ. ಹಲವು ಕರೆಗಳನ್ನು ಒಂದೇ ದಾರಿಯಂತೆ ಬಳಸುವ ವಿಸ್ತರಣೆಯೂ ಅದೇ ವರ್ಷ ಬಂತು. ಪರಿಷ್ಕೃತ ರೂಪ 1996ರ ಆಗಸ್ಟ್‌ನಲ್ಲಿ ಹೊರಬಿತ್ತು. ಇದೇ ಮಲ್ಟಿಲಿಂಕ್ ಪಿಪಿಪಿ. ಐ.ಎಸ್.ಡಿ.ಎನ್. ಲೈನಿನಲ್ಲಿ ಸೆಕೆಂಡಿಗೆ 64,000 ಬಿಟ್ ಸಾಗಿಸುವ ಎರಡು ವಾಹಿನಿಗಳಿರುತ್ತವೆ. ಅವುಗಳನ್ನು ಕೂಡಿಸಿ 1,28,000 ಪಡೆಯಬೇಕೆಂಬ ಆಸೆಯೇ ಈ ವಿಧಾನದ ಹಿಂದಿನ ಮುಖ್ಯ ಪ್ರೇರಣೆ. ಅದೇ ಉಪಾಯ ಸಾಮಾನ್ಯ ಮೋಡೆಮ್ ಲೈನುಗಳಿಗೂ ಒದಗಿತು.

ವಿಧಾನ ಸರಳ. 1500 ಬೈಟ್‌ಗಳ ಒಂದು ಪ್ಯಾಕೆಟ್ ಕಳಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ರೂಟರ್ ಅದನ್ನು ತಲಾ 750 ಬೈಟ್‌ಗಳ ಎರಡು ತುಣುಕು ಮಾಡಿ, ಒಂದನ್ನು ಮೊದಲ ಲೈನಿಗೂ ಇನ್ನೊಂದನ್ನು ಎರಡನೆಯದಕ್ಕೂ ಹಾಕುತ್ತದೆ. ಪ್ರತಿ ತುಣುಕಿನ ತಲೆಯ ಮೇಲೆ ಒಂದು ಕ್ರಮಸಂಖ್ಯೆ ಇರುತ್ತದೆ. ‘ಇದು ಪ್ಯಾಕೆಟ್ಟಿನ ಆರಂಭ’, ‘ಇದು ಕೊನೆ’ ಎಂದು ತಿಳಿಸುವ ಎರಡು ಬಿಟ್‌ಗಳೂ ಇರುತ್ತವೆ. ಆಚೆ ತುದಿಯ ರೂಟರ್ ಕ್ರಮಸಂಖ್ಯೆ ನೋಡಿ ತುಣುಕುಗಳನ್ನು ಜೋಡಿಸಿ, ಇಡೀ ಪ್ಯಾಕೆಟ್ ಸಿದ್ಧವಾದ ಮೇಲಷ್ಟೇ ಮುಂದಕ್ಕೆ ದಾಟಿಸುತ್ತದೆ.

ಈ ‘ಮೇಲಷ್ಟೇ’ ಎಂಬ ಮಾತನ್ನು ಗಮನಿಸಿ. ಅರ್ಧ ಪ್ಯಾಕೆಟ್ಟಿಗೆ ಬೆಲೆಯಿಲ್ಲ. ಬೇಗ ಬಂದ ತುಣುಕು ತಡವಾಗಿ ಬರುವ ತುಣುಕಿಗಾಗಿ ಕಾಯಲೇಬೇಕು.

ಕುಣಿಗಲ್‌ನಲ್ಲಿ ನಾನು ಮೊದಲು ಮಾಡಿದ್ದು ಒಂದೊಂದೇ ಲೈನನ್ನು ಬಿಡಿಸಿ ಪರೀಕ್ಷಿಸುವ ಕೆಲಸ. ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುವುದೂ ಅದನ್ನೇ ಅಲ್ಲವೇ, ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಿ ಎಂದು? ಮೊದಲ ಲೈನು ಒಂಟಿಯಾಗಿದ್ದಾಗ ಮೋಡೆಮ್ ತೋರಿಸಿದ ಸಂಪರ್ಕ ವೇಗ ಸೆಕೆಂಡಿಗೆ 28,800 ಬಿಟ್. ಎರಡನೆಯದು ಒಂಟಿಯಾಗಿದ್ದಾಗ 9,600. ಮೋಡೆಮ್‌ಗಳನ್ನು ಅದಲುಬದಲು ಮಾಡಿದೆ. ಕಡಿಮೆ ವೇಗ ಮೋಡೆಮಿನ ಜೊತೆ ಹೋಗಲಿಲ್ಲ, ಲೈನಿನ ಜೊತೆಯೇ ಉಳಿಯಿತು. ಅಲ್ಲಿಗೆ ಮೋಡೆಮ್‌ಗಳು ನಿರ್ದೋಷಿಗಳು.

ಅಷ್ಟಾದರೂ ಒಗಟು ಉಳಿದೇ ಇತ್ತು. ಎರಡನೆಯ ಲೈನು ಎಷ್ಟೇ ಬಡವಾಗಿರಲಿ, 28,800ಕ್ಕೆ 9,600 ಸೇರಿದರೆ 38,400 ಆಗಬೇಕಲ್ಲವೇ? ಒಂದು ಲೈನಿಗಿಂತ ನಿಧಾನವಾಗುವುದು ಹೇಗೆ?

ಲೆಕ್ಕ ಮಾಡಿ ನೋಡೋಣ. 750 ಬೈಟ್ ಎಂದರೆ 6,000 ಬಿಟ್. ಇದು ವೇಗದ ಲೈನಿನಲ್ಲಿ ಸಾಗಲು 6,000 ÷ 28,800, ಅಂದರೆ ಸುಮಾರು 0.21 ಸೆಕೆಂಡು ಸಾಕು. ನಿಧಾನದ ಲೈನಿನಲ್ಲಿ 6,000 ÷ 9,600, ಅಂದರೆ 0.625 ಸೆಕೆಂಡು. ಪ್ಯಾಕೆಟ್ ಪೂರ್ತಿಯಾಗುವುದು 0.625 ಸೆಕೆಂಡಿನ ಕೊನೆಗೆ. ಅಷ್ಟು ಹೊತ್ತಿನಲ್ಲಿ ಸಾಗಿದ್ದು ಒಟ್ಟು 12,000 ಬಿಟ್. ಭಾಗಿಸಿದರೆ ಸೆಕೆಂಡಿಗೆ 19,200. ವೇಗದ ಲೈನು ಒಂಟಿಯಾಗಿದ್ದರೆ 28,800!

ಸಮನಾಗಿ ಹಂಚಿ, ಒಂದರ ನಂತರ ಒಂದರಂತೆ ಕಟ್ಟುನಿಟ್ಟಾಗಿ ಕಳಿಸುವ ರೂಟರಿನಲ್ಲಿ ಎರಡು ಲೈನುಗಳ ಕಟ್ಟಿನ ವೇಗ ಎಂದರೆ ನಿಧಾನದ ಲೈನಿನ ಎರಡರಷ್ಟು, ಅದಕ್ಕಿಂತ ಹೆಚ್ಚಿಲ್ಲ. ನಿಧಾನದ್ದು ವೇಗದ್ದರ ಅರ್ಧಕ್ಕಿಂತ ಕೆಳಗಿಳಿಯಿತೋ, ಕಟ್ಟು ನಷ್ಟದ ವ್ಯಾಪಾರ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿ ನಡೆಯುವುದು ಕುಂಟೆತ್ತಿನ ಹೆಜ್ಜೆಯಲ್ಲೇ.

ಈಗ ಆ ಸಹಾಯಕಿಯ ಪುಸ್ತಕದ ಅಂಕಿಗಳನ್ನು ನೋಡಿ. ಸ್ಕ್ಯಾನ್ ಮಾಡಿದ ಅಂಕಪಟ್ಟಿಗಳ ಫೈಲು ಸುಮಾರು 30 ಲಕ್ಷ ಬೈಟ್, ಅಂದರೆ 2 ಕೋಟಿ 40 ಲಕ್ಷ ಬಿಟ್. 19,200ರ ವೇಗದಲ್ಲಿ 1,250 ಸೆಕೆಂಡು, ಹತ್ತಿರ ಹತ್ತಿರ 21 ನಿಮಿಷ. 28,800ರಲ್ಲಿ 833 ಸೆಕೆಂಡು, ಅಂದರೆ 14 ನಿಮಿಷ. ಆಕೆ ‘ನಿಧಾನದ ದಿನ’ಗಳಿಗೆ ಬರೆದದ್ದು 22ರಿಂದ 24 ನಿಮಿಷ, ‘ಫೋನ್ ದಿನ’ಗಳಿಗೆ 15. ತಲೆಬರಹಗಳಿಗೂ ಮರುಕಳಿಕೆಗಳಿಗೂ ಹೋದ ಹೊತ್ತನ್ನು ಸೇರಿಸಿಕೊಂಡರೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಬೇಕೇ? ಎರಡನೆಯ ಲೈನಿಗೆ ಪ್ರಿನ್ಸಿಪಾಲರ ಕೊಠಡಿಯಲ್ಲಿ ಒಂದು ಪರ್ಯಾಯ ಫೋನು ಜೋಡಿಸಿದ್ದರು. ಅವರು ಅದನ್ನು ಎತ್ತಿದೊಡನೆ ಆ ಲೈನಿನ ಮೋಡೆಮ್ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಕಟ್ಟಿನಿಂದ ಕುಂಟುವ ಲೈನು ಕಳಚಿ ಬೀಳುತ್ತಿತ್ತು. ಉಳಿದದ್ದು ಓಡುತ್ತಿತ್ತು.

ರೂಟರಿಗೇಕೆ ತಿಳಿಯಲಿಲ್ಲ?

ಲೈನುಗಳ ವೇಗ ಬೇರೆ ಬೇರೆಯೆಂದು ಗೊತ್ತಿದ್ದರೆ ರೂಟರ್ 1500 ಬೈಟ್‌ಗಳನ್ನು 1125 ಮತ್ತು 375 ಎಂದು ಒಡೆಯಬಹುದಿತ್ತು. ಆಗ ಎರಡೂ ತುಣುಕು 0.3125 ಸೆಕೆಂಡಿಗೆ ಸರಿಯಾಗಿ ಒಟ್ಟಿಗೆ ಮುಟ್ಟಿ, ನಾವು ಬಯಸಿದ 38,400 ಸಿಗುತ್ತಿತ್ತು. ನೀವೇ ಭಾಗಿಸಿ ನೋಡಿ. ಮಲ್ಟಿಲಿಂಕ್ ನಿಯಮಗಳಲ್ಲಿ ಇದಕ್ಕೆ ಅಡ್ಡಿಯೇನೂ ಇಲ್ಲ. ತುಣುಕುಗಳು ಸಮನಾಗಿರಬೇಕೆಂದು ಅವು ಎಲ್ಲಿಯೂ ಹೇಳುವುದಿಲ್ಲ.

ತೊಂದರೆ ಇದ್ದದ್ದು ರೂಟರಿಗೆ ಕಾಣುವ ಲೋಕದಲ್ಲಿ. ರೂಟರ್ ದೂರವಾಣಿ ಲೈನನ್ನು ನೋಡುವುದೇ ಇಲ್ಲ. ಅದು ನೋಡುವುದು ತನಗೂ ಮೋಡೆಮಿಗೂ ನಡುವಿನ ಗೇಣುದ್ದದ ಕೇಬಲನ್ನು. ಆ ಕೇಬಲ್ಲಿನ ವೇಗವನ್ನು ಎರಡೂ ಕಡೆ ಸೆಕೆಂಡಿಗೆ 1,15,200 ಬಿಟ್ ಎಂದು ನಿಗದಿ ಮಾಡಿದ್ದೆವು. ಮೋಡೆಮಿನಾಚೆ 28,800 ಇರಲಿ, 9,600 ಇರಲಿ, ರೂಟರಿನ ಲೆಕ್ಕದಲ್ಲಿ ಎರಡು ಲೈನುಗಳೂ ಅವಳಿ ಜವಳಿ. ನಿಜವಾದ ವೇಗವನ್ನು ಮನುಷ್ಯನೇ ಅದಕ್ಕೆ ಬರೆದು ತಿಳಿಸಬೇಕಿತ್ತು. ನಾನು ಬರೆದಿರಲಿಲ್ಲ. ಬೇಸಿಗೆಯಲ್ಲಿ ಎರಡೂ 28,800 ಇದ್ದುದರಿಂದ ಬರೆಯದಿದ್ದದ್ದು ತಪ್ಪಾಗಿಯೂ ಕಂಡಿರಲಿಲ್ಲ.

ಹಾಗಾದರೆ ಮಳೆಗಾಲದಲ್ಲಿ ಒಂದು ಲೈನು ಸೊರಗಿದ್ದೇಕೆ? ಇಲ್ಲಿ ನಮ್ಮ ಭೌತಶಾಸ್ತ್ರ ಬರುತ್ತದೆ. ದೂರವಾಣಿಯ ಧ್ವನಿ ವಾಹಿನಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ ದಾಟಲು ಬಿಡುತ್ತದೆ. ಅಗಲ 3,100 ಹರ್ಟ್ಸ್. 1948ರಲ್ಲಿ ಕ್ಲಾಡ್ ಶ್ಯಾನನ್ ತೋರಿಸಿಕೊಟ್ಟಂತೆ, ಇಂಥ ವಾಹಿನಿಯಲ್ಲಿ ತಪ್ಪಿಲ್ಲದೆ ಸಾಗಿಸಬಹುದಾದ ಗರಿಷ್ಠ ವೇಗವನ್ನು ಅಗಲ ಒಂದೇ ನಿರ್ಧರಿಸುವುದಿಲ್ಲ. ಸಂಕೇತದ ಸಾಮರ್ಥ್ಯಕ್ಕೂ ಗದ್ದಲದ ಸಾಮರ್ಥ್ಯಕ್ಕೂ ಇರುವ ಅನುಪಾತವೂ ಸೇರಿ ನಿರ್ಧರಿಸುತ್ತದೆ. ಆ ಅನುಪಾತಕ್ಕೆ ಒಂದು ಕೂಡಿಸಿ, 2ನ್ನು ಆಧಾರವಾಗಿಟ್ಟು ಲಾಗರಿತಮ್ ತೆಗೆದು, ಅಗಲದಿಂದ ಗುಣಿಸಿದರೆ ಮಿತಿ ಸಿಗುತ್ತದೆ. ಒಳ್ಳೆಯ ಲೈನಿನಲ್ಲಿ ಸಂಕೇತ ಗದ್ದಲಕ್ಕಿಂತ 35 ಡೆಸಿಬೆಲ್ ಮೇಲಿದೆ ಎನ್ನೋಣ. ಅನುಪಾತ ಸುಮಾರು 3,160. ಮಿತಿ ಸೆಕೆಂಡಿಗೆ ಸುಮಾರು 36,000 ಬಿಟ್. ಅದೇ 15 ಡೆಸಿಬೆಲ್‌ಗೆ ಇಳಿದರೆ ಅನುಪಾತ ಬರೀ 32, ಮಿತಿ 15,600. ಮೋಡೆಮ್‌ಗಳು ಈ ಮಿತಿಯನ್ನು ಪೂರ್ತಿ ಮುಟ್ಟಲಾರವು, ಅದರ ಕೆಳಗೇ ಎಲ್ಲೋ ನೆಲೆ ನಿಲ್ಲುತ್ತವೆ. ಆದ್ದರಿಂದ 9,600 ಕಂಡಾಗ ಆಶ್ಚರ್ಯಪಡಬೇಕಿಲ್ಲ, ತಂತಿಯನ್ನು ಹುಡುಕಿಕೊಂಡು ಹೊರಡಬೇಕು.

ಕೆಲವರು ಕೇಳಬಹುದು: ಪೆಟ್ಟಿಗೆಯ ಮೇಲೆ 56,000 ಎಂದು ಅಚ್ಚಾಗಿರುತ್ತಿತ್ತಲ್ಲ? ಆ ವೇಗಕ್ಕೆ ಒಂದು ತುದಿಯಾದರೂ ದೂರವಾಣಿ ಜಾಲಕ್ಕೆ ಡಿಜಿಟಲ್ ಆಗಿಯೇ ಸೇರಿರಬೇಕು. ಅಂತರಜಾಲ ಸೇವೆ ಕೊಡುವವರಿಗೆ ಅದು ಸಾಧ್ಯವಿತ್ತು, ಎರಡೂ ತುದಿಗೆ ಸಾಮಾನ್ಯ ಲೈನಿದ್ದ ನಮಗಲ್ಲ. ನಮ್ಮ ಮೇಲ್ಮಿತಿ 33,600. ವಿನಿಮಯ ಕೇಂದ್ರದ ಒಳಗೆ ಮಾತು ಸೆಕೆಂಡಿಗೆ 8,000 ಮಾದರಿಗಳಾಗಿ, ಮಾದರಿಗೆ 8 ಬಿಟ್‌ನಂತೆ 64,000 ಬಿಟ್ ಆಗುತ್ತದೆ. ಈ ಡಿಜಿಟಲ್ ತಂತ್ರ ನಮ್ಮ ಹಳ್ಳಿಗಾಡಿಗೆ ಬಂದ ಕಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ರೂಪಿಸಿದ 128 ಪೋರ್ಟುಗಳ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಆದರೆ ಕೇಂದ್ರದಿಂದ ಚಂದಾದಾರನ ಮನೆಯವರೆಗಿನ ತಾಮ್ರದ ಜೋಡಿತಂತಿ ಅನಲಾಗ್ ಆಗಿಯೇ ಉಳಿಯಿತು. ಮಳೆ, ತುಕ್ಕು, ಇಲಿ, ಇರುವೆ ಎಲ್ಲವೂ ಕೆಲಸ ಮಾಡುವುದು ಆ ಭಾಗದಲ್ಲಿ.

ಕಾಲೇಜಿನವರು ದೂರವಾಣಿ ಇಲಾಖೆಯನ್ನು ಬೈಯುತ್ತಿದ್ದರು. ಲೈನ್‌ಮನ್ ಬಂದು, ತಂತಿ ಕಟ್ಟಡಕ್ಕೆ ಸೇರುವ ಜಾಗದಲ್ಲಿ ಒಳಗಿನ ವೈರಿಂಗ್ ಬಿಡಿಸಿ, ತನ್ನ ಪರೀಕ್ಷಾ ಫೋನು ಹಚ್ಚಿ ಕೇಳಿ, “ನಮ್ಮ ಕಡೆ ಲೈನು ಶುದ್ಧವಾಗಿದೆ, ನೀವೇ ಕೇಳಿ ಸಾರ್” ಎಂದ. ಕೇಳಿದೆ. ಗದ್ದಲವಿಲ್ಲ. ಒಳಗಿನ ವೈರಿಂಗ್ ಮತ್ತೆ ಸೇರಿಸಿದಾಗ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ. ಪ್ರಿನ್ಸಿಪಾಲರ ಕೊಠಡಿಗೆ ಹೋದ ಪರ್ಯಾಯ ತಂತಿಯನ್ನು ಹೊರಗೋಡೆಯ ಮೇಲೆ ಎಳೆದು, ಮಧ್ಯದಲ್ಲಿ ತಿರುಚಿ ಸೇರಿಸಿ, ಟೇಪು ಸುತ್ತಿದ್ದರು. ಟೇಪಿನೊಳಗೆ ನೀರು. ತಾಮ್ರ ಹಸಿರಾಗಿತ್ತು. ಬೇಸಿಗೆಯಲ್ಲಿ ಆ ಗಂಟು ಒಣಗಿರುತ್ತಿತ್ತು. ದೋಷ ಇಲಾಖೆಯದ್ದಲ್ಲ, ಆ ಸಹಾಯಕಿಯದ್ದಂತೂ ಅಲ್ಲವೇ ಅಲ್ಲ. ಪರ್ಯಾಯ ತಂತಿಯನ್ನು ಕಿತ್ತುಹಾಕಿದ ದಿನ ಎರಡನೆಯ ಲೈನು ಮತ್ತೆ 28,800ಕ್ಕೆ ಏರಿತು, ಫೈಲು 8 ನಿಮಿಷದೊಳಗೆ ತುಮಕೂರು ಸೇರಿತು. ನೋಟಿಸು ಹರಿದುಹೋಯಿತು. ಆಕೆಯ ಪುಸ್ತಕದ ಆ ಪುಟದ ನಕಲನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಗುಬ್ಬಿಯ ದೊಡ್ಡಕ್ಷರ

ಗುಬ್ಬಿಯ ದೋಷ ಬೇರೆಯದೇ ಜಾತಿಯದು, ನೂರಕ್ಕೆ ನೂರು ನನ್ನದು. ಅಲ್ಲಿ ಎರಡೂ ಮೋಡೆಮ್‌ಗಳ ದೀಪ ಉರಿಯುತ್ತಿತ್ತು, ಎರಡೂ ಲೈನು ಒಂಟಿಯಾಗಿ ಚೆನ್ನಾಗಿದ್ದವು, ಎರಡಕ್ಕೂ ಬಿಲ್ಲು ಬರುತ್ತಿತ್ತು. ವೇಗ ಮಾತ್ರ ಒಂದು ಲೈನಿನದು.

ಹೊಸ ಕರೆಯೊಂದು ಬಂದಾಗ ಅದು ಇರುವ ಕಟ್ಟಿಗೆ ಸೇರಬೇಕೋ, ಹೊಸ ಕಟ್ಟಾಗಬೇಕೋ ಎಂದು ಉತ್ತರಿಸುವ ರೂಟರ್ ನಿರ್ಧರಿಸಬೇಕು. ಅದು ನೋಡುವುದು ಎರಡು ಗುರುತುಗಳನ್ನು: ಗುಪ್ತಪದದೊಂದಿಗೆ ದೃಢಪಟ್ಟ ಹೆಸರು ಒಂದು, ಕರೆ ಮಾಡಿದ ಸಾಧನ ತಾನೇ ಹೇಳಿಕೊಳ್ಳುವ ತುದಿಯ ಗುರುತು ಇನ್ನೊಂದು. ಎರಡೂ ಕರೆಗಳಲ್ಲಿ ಇವು ತಾಳೆಯಾದರೆ ಮಾತ್ರ ಒಂದೇ ಕಟ್ಟು. ಗುಬ್ಬಿಯ ರೂಟರಿನಲ್ಲಿ ಎರಡು ಲೈನುಗಳಿಗೆ ಹೆಸರು ಬರೆಯುವಾಗ ಇಂಗ್ಲಿಷಿನಲ್ಲಿ ‘ಗುಬ್ಬಿ’ ಎಂಬುದರ ಮೊದಲ ಅಕ್ಷರವನ್ನು ನಾನು ಒಂದು ಕಡೆ ಚಿಕ್ಕದಾಗಿಯೂ ಇನ್ನೊಂದು ಕಡೆ ದೊಡ್ಡದಾಗಿಯೂ ಹೊಡೆದಿದ್ದೆ. ಮೊದಲ ದಿನ ದೊಡ್ಡಕ್ಷರದ ಕರೆಯನ್ನು ತುಮಕೂರು ನಿರಾಕರಿಸಿತು. ಆಗ ನಿಂತು ಯೋಚಿಸದೆ ಆ ಹೆಸರನ್ನೂ ತುಮಕೂರಿನ ಪಟ್ಟಿಗೆ ಸೇರಿಸಿಬಿಟ್ಟೆ. ದೀಪ ಉರಿಯಿತು, ಸಮಸ್ಯೆ ಬಗೆಹರಿಯಿತೆಂದು ಚಹಾ ಕುಡಿದು ಬಂದೆ. ನಿಜವಾಗಿ ಆದದ್ದೇನು? ತುಮಕೂರಿನ ಕಣ್ಣಿಗೆ ಗುಬ್ಬಿ ಎಂಬ ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಹುಟ್ಟಿಕೊಂಡರು, ಒಬ್ಬೊಬ್ಬರಿಗೂ ಒಂದೊಂದು ಎಳೆಯ ಕಟ್ಟು. ದತ್ತಾಂಶವೆಲ್ಲ ಒಂದರಲ್ಲಿ ಹರಿಯಿತು, ಇನ್ನೊಂದು ತಿಂಗಳುಗಟ್ಟಲೆ ಸುಮ್ಮನೆ ಮೀಟರು ಓಡಿಸಿತು. ಕಟ್ಟಿನಲ್ಲಿ ಎಷ್ಟು ಎಳೆಗಳಿವೆ ಎಂದು ರೂಟರನ್ನೇ ಕೇಳುವ ಆದೇಶವೊಂದಿದೆ. ದೀಪ ನೋಡುವ ಬದಲು ಅದನ್ನು ಕೇಳಿದ್ದರೆ ಎರಡು ನಿಮಿಷದ ಕೆಲಸ.

ಕಟ್ಟಿನ ಮೂರನೆಯ ಬಗೆಯ ತೊಂದರೆ ಮೌನದ್ದು. ಮಳೆ ಜೋರಾದ ದಿನ ಕುಣಿಗಲ್‌ನ ಸಂಪರ್ಕ ನಿಧಾನವಾಗುವುದಷ್ಟೇ ಅಲ್ಲ, ಆಗಾಗ್ಗೆ ಹಲವು ಸೆಕೆಂಡು ಪೂರ್ತಿ ಹೆಪ್ಪುಗಟ್ಟುತ್ತಿತ್ತು. ಇದಕ್ಕೆ ಕಾರಣ ತುಣುಕು ಕಳೆದುಹೋಯಿತೆಂದು ತೀರ್ಮಾನಿಸುವ ನಿಯಮ. ಪ್ರತಿ ಲೈನಿನಲ್ಲೂ ಕ್ರಮಸಂಖ್ಯೆಗಳು ಏರುತ್ತಲೇ ಬರುತ್ತವೆ. ಮೊದಲ ಲೈನಿನಲ್ಲಿ ಕೊನೆಗೆ ಬಂದದ್ದು 58, ಎರಡನೆಯದರಲ್ಲಿ 61, ನಮಗೆ ಬಾರದಿರುವುದು 57 ಎನ್ನಿ. ಎರಡು ಲೈನುಗಳೂ 57ನ್ನು ದಾಟಿ ಮುಂದೆ ಹೋಗಿವೆ, ಇನ್ನದು ಬರುವಂತಿಲ್ಲ. ಕಳೆದುಹೋಯಿತೆಂದು ಬಿಟ್ಟು ಮುಂದೆ ಸಾಗಬಹುದು. ಈಗ ಎರಡನೆಯ ಲೈನು 49 ಕೊಟ್ಟು ಸುಮ್ಮನಾಗಿದೆ, ಬೇಕಾಗಿರುವುದು 50 ಎನ್ನಿ. ಮೊದಲ ಲೈನು 58ಕ್ಕೆ ಬಂದಿದ್ದರೂ ಪ್ರಯೋಜನವಿಲ್ಲ. 50 ಎರಡನೆಯ ಲೈನಿನಲ್ಲಿ ಇನ್ನೂ ದಾರಿಯಲ್ಲಿರಬಹುದು, ಆದ್ದರಿಂದ ರೂಟರ್ ಕಾಯುತ್ತದೆ. ಗದ್ದಲದ ಲೈನಿನ ಮೋಡೆಮ್‌ಗಳು ನಡುನಡುವೆ ಮಾತು ನಿಲ್ಲಿಸಿ, ಹೊಸ ವೇಗಕ್ಕೆ ಪರಸ್ಪರ ಒಗ್ಗಿಕೊಳ್ಳುತ್ತವೆ. ಅಷ್ಟು ಹೊತ್ತೂ ಒಳ್ಳೆಯ ಲೈನಿನ ತುಣುಕುಗಳು ತುಮಕೂರಿನ ರೂಟರಿನ ಸ್ಮೃತಿಯಲ್ಲಿ ಪೇರಿಸಿಕೊಂಡು ಕೂರುತ್ತಿದ್ದವು. ಪೂರ್ತಿ ಸತ್ತ ಲೈನು ಕಟ್ಟಿಗೆ ಅಪಾಯವಲ್ಲ, ಅದನ್ನು ತೆಗೆದುಹಾಕುತ್ತಾರೆ. ಸತ್ತಿಲ್ಲ, ಮಾತೂ ಆಡುವುದಿಲ್ಲ ಎನ್ನುವಂಥದ್ದೇ ಕಷ್ಟ. ಇಂಥದ್ದನ್ನು ಹಿಡಿಯಲೆಂದೇ ಪಿಪಿಪಿಯಲ್ಲಿ ಆಗಾಗ ‘ಇದ್ದೀಯಾ?’ ಎಂದು ಕೇಳಿ ಉತ್ತರ ಕಾಯುವ ಸಂದೇಶವಿದೆ. ಅದರ ಅವಧಿಯನ್ನು ಕಿರಿದು ಮಾಡಿದರೆ ಹೆಪ್ಪುಗಟ್ಟುವ ಹೊತ್ತು ಇಳಿಯುತ್ತದೆ.

ಪರೀಕ್ಷೆಯ ವಿಷಯದಲ್ಲಿ ಎರಡು ಎಚ್ಚರಿಕೆ ಹೇಳಬೇಕು. ಲೈನು ಸರಿಯಿದೆಯೇ ಎಂದು ನೋಡಲು ಪುಟ್ಟ ಪ್ಯಾಕೆಟ್ ಕಳಿಸಿದರೆ ಮೋಸಹೋಗುತ್ತೀರಿ. ಹಲವು ರೂಟರ್‌ಗಳು ಪುಟ್ಟದ್ದನ್ನು ಒಡೆಯದೆ ಒಂದೇ ಲೈನಿನಲ್ಲಿ ಕಳಿಸಿಬಿಡುತ್ತವೆ. 64 ಬೈಟಿನದನ್ನೂ 1,400 ಬೈಟಿನದನ್ನೂ ಕಳಿಸಿ ಹೋಲಿಸಬೇಕು. ಎರಡನೆಯದು, ಅಕ್ಷರಗಳ ಫೈಲಿನಿಂದ ವೇಗ ಅಳೆಯಬೇಡಿ. ಮೋಡೆಮ್ ಅದನ್ನು ತಾನೇ ಕುಗ್ಗಿಸಿ ಕಳಿಸುವುದರಿಂದ ಇಲ್ಲದ ವೇಗ ಕಾಣುತ್ತದೆ. ಮೊದಲೇ ಕುಗ್ಗಿಸಿದ ಫೈಲೇ ಸರಿಯಾದ ಅಳತೆಗೋಲು.

ದೂರವಾಣಿ ಲೈನುಗಳ ಕಟ್ಟು ಮರೆಯಾದರೂ ಹಲವು ದಾರಿಗಳಲ್ಲಿ ಹಂಚಿ ಕಳಿಸಿ ಒಂದು ಕಡೆ ಜೋಡಿಸುವ ಕೆಲಸ ನಿಂತಿಲ್ಲ. ವೈಫೈ ಮತ್ತು ಮೊಬೈಲ್ ಜಾಲ ಎರಡನ್ನೂ ಒಂದೇ ಸಂಪರ್ಕಕ್ಕೆ ಬಳಸುವ ಮಲ್ಟಿಪಾತ್ ಟಿಸಿಪಿ 2013ರಲ್ಲಿ ಪ್ರಾಯೋಗಿಕ ನಿಯಮವಾಗಿ ಬಂತು, 2020ರಲ್ಲಿ ಪರಿಷ್ಕೃತವಾಯಿತು. ಅಲ್ಲಿಯೂ ಎದುರಾಗುವುದು ಇದೇ ಪ್ರಶ್ನೆ: ಯಾವ ದಾರಿಗೆ ಎಷ್ಟು ಪಾಲು?

ತರಗತಿಯಲ್ಲಿ ಇದನ್ನು ತೋರಿಸಲು ಗಣಕವೇ ಬೇಡ. ಒಂದು ವಾಕ್ಯದ ಪದಗಳನ್ನು ಚೀಟಿಗಳಲ್ಲಿ ಬರೆದು ಸಂಖ್ಯೆ ಹಾಕಿ. ಒಬ್ಬ ವಿದ್ಯಾರ್ಥಿ ಸಹಜವಾಗಿ ನಡೆದು, ಇನ್ನೊಬ್ಬ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆದು, ಒಂದೊಂದೇ ಚೀಟಿಯನ್ನು ಸರದಿಯಂತೆ ಕೊಠಡಿಯ ಆಚೆ ತುದಿಗೆ ಒಯ್ಯಲಿ. ಅಲ್ಲಿರುವವನು ಸಂಖ್ಯೆಯ ಕ್ರಮದಲ್ಲಿ ಮಾತ್ರ ಗಟ್ಟಿಯಾಗಿ ಓದಬೇಕು. ಆಮೇಲೆ ಮೊದಲನೆಯವನೊಬ್ಬನೇ ಎಲ್ಲವನ್ನೂ ಒಯ್ಯಲಿ. ಎರಡು ಸಲದ ಹೊತ್ತನ್ನೂ ಅಳೆಯಿರಿ. ಬಳಿಕ ಈ ಲೆಕ್ಕ ಕೊಡಬಹುದು: 33,600, 28,800 ಮತ್ತು 9,600ರ ಮೂರು ಲೈನುಗಳನ್ನು ಸಮಪಾಲಿನ ಕಟ್ಟಾಗಿ ಕಟ್ಟಿದರೆ ಸಿಗುವ ವೇಗವೆಷ್ಟು? ಯಾವ ಲೈನನ್ನು ಕಿತ್ತರೆ ಅದು ಎರಡರಷ್ಟಾಗುತ್ತದೆ?